ಮಳೆಗಾಲದೊಳಗೆ ಮನೆ ಮುಗಿಯುತ್ತಾ? ಕಟ್ಟಡದ ಹೊಸ ವಿಧಾನಗಳು, ಕೊಡಗಿನ ಲೆಕ್ಕದಲ್ಲಿ

ಮೊಬೈಲ್ ತೆರೆದರೆ ಸಾಕು, ‘ತಿಂಗಳಲ್ಲಿ ಮನೆ ರೆಡಿ’ ಅನ್ನುವ ಜಾಹೀರಾತು ಕಣ್ಣಿಗೆ ಬೀಳುತ್ತದೆ. ಸ್ಟೀಲ್ ಫ್ರೇಮಿನ ಮನೆ, ಪ್ಯಾನೆಲ್ ಮನೆ, ಲಾರಿಯಲ್ಲೇ ಬಂದಿಳಿಯುವ ಕಾಟೇಜು. ಹೋಂಸ್ಟೇ ನಡೆಸುವವರು ತೋಟದ ಮೂಲೆಯಲ್ಲಿ ಅಂಥದ್ದೊಂದನ್ನು ಇಳಿಸಿಕೊಂಡಿದ್ದಾರೆ, ಅಕ್ಕಪಕ್ಕದವರು ಹೋಗಿ ಗೋಡೆ ತಟ್ಟಿ ನೋಡಿ ಬಂದಿದ್ದಾರೆ. ಟಣ್ ಅಂತ ಸದ್ದು ಬಂದರೆ ‘ಇದೇನು ಗೋಡೆನಾ?’ ಅನ್ನುವ ಅನುಮಾನ ಬೇರೆ.

ಅನುಮಾನ ತಪ್ಪಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡ ಜಾರಿ ಮನೆಗಳು ಹೋದದ್ದನ್ನು ನೋಡಿದ ಜಿಲ್ಲೆ ಇದು. ಮರುವರ್ಷ ತೋರ ಗ್ರಾಮದಲ್ಲಿ, 2020ರಲ್ಲಿ ತಲಕಾವೇರಿಯಲ್ಲಿ ಮತ್ತೆ ಅದೇ ಕಥೆ. ಹಾಗಾಗಿ ಇಲ್ಲಿ ಮನೆ ಕಟ್ಟುವವರು ಮೊದಲು ಎರಡು ವಿಷಯ ಕೇಳುತ್ತಾರೆ. ಬೇಗ ಆಗುತ್ತಾ? ನಿಲ್ಲುತ್ತಾ? ಹೊಸ ವಿಧಾನಗಳಲ್ಲಿ ಹೆಚ್ಚಿನವು ಮೊದಲನೆಯದಕ್ಕೆ ಚೆನ್ನಾಗಿ ಉತ್ತರ ಕೊಡುತ್ತವೆ. ಎರಡನೆಯದಕ್ಕೆ ಅರ್ಧ ಉತ್ತರ ಮಾತ್ರ. ಉಳಿದರ್ಧ ಮನೆಯ ಕೆಳಗಿನ ಮಣ್ಣಿನಲ್ಲಿದೆ. ಅದಕ್ಕೆ ಆಮೇಲೆ ಬರೋಣ.

## ಮಾಮೂಲಿ ಮನೆಗೆ ಅಷ್ಟು ದಿನ ಯಾಕೆ?

ಕಲ್ಲಿನ ಪಾಯ, ಸಿಮೆಂಟ್ ಬ್ಲಾಕಿನ ಗೋಡೆ, ಮೇಲೆ ಆರ್‌ಸಿಸಿ. ನಾವು ಮಾಮೂಲಿ ಅನ್ನುವ ಈ ಮನೆಯ ತುಂಬಾ ನೀರಿನ ಕೆಲಸ. ಸಿಮೆಂಟಿಗೆ ನೀರು ಸೇರಿದಾಗ ಒಂದು ರಾಸಾಯನಿಕ ಕ್ರಿಯೆ ಶುರುವಾಗುತ್ತದೆ. ಕಾಂಕ್ರೀಟ್ ಗಟ್ಟಿಯಾಗುವುದು ಆ ಕ್ರಿಯೆಯಿಂದ, ಒಣಗುವುದರಿಂದ ಅಲ್ಲ. ಅದಕ್ಕೇ ಮೇಸ್ತ್ರಿ ದಿನಾ ನೀರು ಹಾಕಿ ಅಂತ ತಲೆ ತಿನ್ನುವುದು. ಇದೇ ಕ್ಯೂರಿಂಗ್. ಏಳು ದಿನಕ್ಕೆ ಸುಮಾರು ಮೂರರಲ್ಲಿ ಎರಡು ಪಾಲು ಬಲ ಬರುತ್ತದೆ. ಪೂರ್ತಿ ಬಲವನ್ನು ಎಂಜಿನಿಯರ್‌ಗಳು 28 ದಿನಕ್ಕೆ ಲೆಕ್ಕ ಹಾಕುತ್ತಾರೆ. ಆರ್‌ಸಿಸಿ ಹಾಕಿದ ಮೇಲೆ ಕೆಳಗಿನ ಆಧಾರದ ಕಂಬಗಳನ್ನು, ಸ್ಲ್ಯಾಬು ಹೊರುವ ಗೋಡೆಗಳ ನಡುವಿನ ಅಂತರ ನಾಲ್ಕೂವರೆ ಮೀಟರಿನ ಒಳಗಿದ್ದರೆ ಕನಿಷ್ಠ 7 ದಿನ, ಅದಕ್ಕಿಂತ ಜಾಸ್ತಿ ಇದ್ದರೆ 14 ದಿನ ತೆಗೆಯಬಾರದು ಎಂದು ಭಾರತೀಯ ಮಾನಕ ಐಎಸ್ 456 ಹೇಳುತ್ತದೆ.

ಅಂದರೆ ಈ ಮನೆಯಲ್ಲಿ ಕಾಯುವುದೂ ಒಂದು ಕೆಲಸವೇ. ಬಯಲುಸೀಮೆಯಲ್ಲಿ ಕಾಯಬಹುದು. ನಮ್ಮಲ್ಲಿ? ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3,000 ಮಿಲಿಮೀಟರ್‌ಗೂ ಮೀರಿ ಮಳೆ. ಭಾಗಮಂಡಲದ ಕಡೆ ಇನ್ನೂ ಜಾಸ್ತಿ. ಕುಶಾಲನಗರದಲ್ಲಿ ಮಡಿಕೇರಿಯ ಅರ್ಧವೂ ಇಲ್ಲ, ಹಾಗಾಗಿ ಅಲ್ಲಿನ ಗುತ್ತಿಗೆದಾರರು ಹೇಳುವ ದಿನದ ಲೆಕ್ಕ ಮಡಿಕೇರಿ ಪಕ್ಕದ ಗಾಳಿಬೀಡಿಗೆ ಹೊಂದುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗಿನ ಕೆಲಸ ಬಿಟ್ಟುಬಿಡಿ. ಮಳೆ ಬಿಟ್ಟು ಹುತ್ತರಿ ಕಳೆಯುವಷ್ಟರಲ್ಲಿ ಕಾಫಿ ಕೊಯ್ಲು ಶುರು, ಮೊದಲು ಅರೇಬಿಕಾ, ಆಮೇಲೆ ರೋಬಸ್ಟಾ, ಆಳುಗಳೆಲ್ಲ ತೋಟದಲ್ಲಿ. ಆಮೇಲೆ ಕಾಫಿ ಹೂ ಅರಳಿಸುವ ಹೂಮಳೆ, ಅದರ ಹಿಂದೆ ಗುಡುಗಿನ ಮಳೆ. ಲೆಕ್ಕ ಹಾಕಿದರೆ ಮನೆಗೆ ಸಿಗುವ ನೆಮ್ಮದಿಯ ದಿನಗಳು ತುಂಬಾ ಕಮ್ಮಿ.

ಮಳೆಯ ತೊಂದರೆ ದಿನ ಹಾಳಾಗುವುದಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಅಂಗಳದಲ್ಲಿ ರಾಶಿ ಹಾಕಿದ ಎಂ-ಸ್ಯಾಂಡ್ ರಾತ್ರಿ ಮಳೆಯಲ್ಲಿ ನೆನೆದಿರುತ್ತದೆ. ಬೆಳಿಗ್ಗೆ ಅದಕ್ಕೇ ಎಂದಿನ ಅಳತೆಯ ನೀರು ಸುರಿದು ಕಲಸುತ್ತಾರೆ. ಮರಳಿನೊಳಗಿನ ನೀರು ಲೆಕ್ಕಕ್ಕೆ ಬರಲೇ ಇಲ್ಲ. ನೀರು ಜಾಸ್ತಿಯಾದ ಕಾಂಕ್ರೀಟ್ ನೋಡಲು ನುಣ್ಣಗೆ, ಹಾಕಲು ಸುಲಭ, ಆದರೆ ಬಲ ಕಮ್ಮಿ. ಗಟ್ಟಿಯಾದ ಮೇಲೆ ಜಾಸ್ತಿ ಇದ್ದ ನೀರಿನ ಜಾಗ ಸಣ್ಣ ಸಣ್ಣ ತೂತಾಗಿ ಉಳಿಯುತ್ತದೆ. ಮುಂದಿನ ಮಳೆಗಾಲದಲ್ಲಿ ಸೋರುವುದಕ್ಕೆ ದಾರಿ ಅಲ್ಲೇ ಸಿದ್ಧ.

ಹೊಸ ವಿಧಾನಗಳೆಲ್ಲ ಹುಟ್ಟಿದ್ದು ಈ ತೊಂದರೆಗಳ ಸುತ್ತಲೇ. ಕೆಲವು, ನೀರಿನ ಕೆಲಸವನ್ನು ಸೂರಿರುವ ಫ್ಯಾಕ್ಟರಿಗೆ ಸಾಗಿಸುತ್ತವೆ. ಕೆಲವು ಸಾಮಾನನ್ನೇ ಬದಲಿಸುತ್ತವೆ. ಇನ್ನು ಕೆಲವು ಅದೇ ಇಟ್ಟಿಗೆ, ಅದೇ ಸಿಮೆಂಟನ್ನು ಜೋಡಿಸುವ ಕ್ರಮವನ್ನು ಬದಲಿಸುತ್ತವೆ.

## ಫ್ಯಾಕ್ಟರಿಯಲ್ಲಿ ಹುಟ್ಟುವ ಗೋಡೆ

ಪ್ರೀಕಾಸ್ಟ್ ಅಂದರೆ ಮುಂಚೆಯೇ ಎರಕ ಹೊಯ್ದದ್ದು. ತೋಟದ ಸುತ್ತ ನೆಟ್ಟ ಕಂಬಗಳ ನಡುವೆ ಸಿಮೆಂಟ್ ಹಲಗೆ ಇಳಿಸುವ ಕಾಂಪೌಂಡ್ ನೋಡಿದ್ದೀರಲ್ಲ, ಅದೇ ತತ್ವ. ಇಡೀ ಗೋಡೆ, ಸ್ಲ್ಯಾಬು, ಮೆಟ್ಟಿಲುಗಳನ್ನು ಫ್ಯಾಕ್ಟರಿಯ ಅಚ್ಚಿನಲ್ಲಿ ಹೊಯ್ದು, ಅಲ್ಲೇ ಕ್ಯೂರಿಂಗ್ ಮುಗಿಸಿ, ಲಾರಿಯಲ್ಲಿ ತಂದು ಕ್ರೇನಿನಿಂದ ನಿಲ್ಲಿಸುತ್ತಾರೆ. ಜಾಗದಲ್ಲಿ ಉಳಿಯುವುದು ಜೋಡಣೆ ಮಾತ್ರ. ಇತ್ತ ಪಾಯದ ಕೆಲಸ ನಡೆಯುತ್ತಿರುವಾಗಲೇ ಅತ್ತ ಗೋಡೆ ತಯಾರಾಗುತ್ತಿರುತ್ತದೆ. ದಿನ ಉಳಿಯುವುದು ಇದರಿಂದ.

ಕೇಂದ್ರ ಸರ್ಕಾರ ಇಂಥ ವಿಧಾನಗಳನ್ನು ದೊಡ್ಡದಾಗಿ ಪರೀಕ್ಷಿಸಲು 2021ರ ಜನವರಿ 1ರಂದು ಆರು ಊರುಗಳಲ್ಲಿ ‘ಲೈಟ್ ಹೌಸ್’ ಯೋಜನೆಗೆ ಅಡಿಗಲ್ಲು ಹಾಕಿತು. ಒಂದೊಂದು ಊರಿಗೆ ಒಂದೊಂದು ವಿಧಾನ. ಚೆನ್ನೈಗೆ ಪ್ರೀಕಾಸ್ಟ್, ಇಂದೋರ್‌ಗೆ ನಡುವೆ ಹಗುರ ಸಾಮಾನು ತುಂಬಿದ ಪ್ಯಾನೆಲ್, ಅಗರ್ತಲಾಕ್ಕೆ ತೆಳು ಸ್ಟೀಲ್ ಫ್ರೇಮು, ಲಕ್ನೋಗೆ ಪಿವಿಸಿ ಅಚ್ಚನ್ನು ಗೋಡೆಯಲ್ಲೇ ಬಿಟ್ಟುಬಿಡುವ ವಿಧಾನ, ರಾಜ್‌ಕೋಟ್‌ಗೆ ಗೋಡೆ ಮತ್ತು ಸ್ಲ್ಯಾಬನ್ನು ಒಂದೇ ಸಲ ಹೊಯ್ಯುವ ಅಚ್ಚು, ರಾಂಚಿಗೆ ಇಡೀ ಕೋಣೆಯನ್ನೇ ಪೆಟ್ಟಿಗೆ ಥರ ಹೊಯ್ದು ತರುವುದು. ಚೆನ್ನೈಯ 1,152 ಮನೆಗಳು 2022ರ ಮೇ ತಿಂಗಳಲ್ಲಿ ಉದ್ಘಾಟನೆಯಾದವು.

ಗಮನಿಸಿ, ಇವೆಲ್ಲ ಸಾಲು ಸಾಲು ಒಂದೇ ಥರದ ಮನೆಗಳು. ಅಚ್ಚು ಮಾಡಿಸುವುದಕ್ಕೆ ದುಡ್ಡು ಜಾಸ್ತಿ. ಸಾವಿರ ಮನೆಗೆ ಹಂಚಿದರೆ ಅದು ಗೊತ್ತೇ ಆಗುವುದಿಲ್ಲ, ಒಂದೇ ಮನೆಗೆ ಹೊರೆಸಿದರೆ ಕೈ ಸುಡುತ್ತದೆ. ಸಂತ್ರಸ್ತರಿಗಾಗಿ ಜಂಬೂರು, ಕರ್ಣಂಗೇರಿಯಲ್ಲಿ ಎದ್ದಂಥ ಬಡಾವಣೆಗೆ, ತೋಟದ ಕಾರ್ಮಿಕರ ಲೈನ್ ಮನೆಗಳಿಗೆ ಈ ಲೆಕ್ಕ ಹೊಂದಬಹುದು. ಒಬ್ಬರ ಒಂದು ಮನೆಗೆ ಕಷ್ಟ. ಇನ್ನೊಂದು ಅಡ್ಡಿ ರಸ್ತೆ. ಕಾಂಕ್ರೀಟ್ ಗೋಡೆಯ ತೂಕ ಟನ್‌ಗಳಲ್ಲಿ. ಕ್ರೇನು ನಿಲ್ಲಲು ಸಮತಟ್ಟಾದ, ಗಟ್ಟಿಯಾದ ಜಾಗ ಬೇಕು. ಜೀಪು ಮಾತ್ರ ಹತ್ತುವ ತೋಟದ ದಾರಿಯಲ್ಲಿ ಅದು ಆಗದ ಮಾತು.

ಹಾಗಾಗಿ ನಮ್ಮ ಕಡೆ ಹೆಚ್ಚು ಕಾಣುವುದು ಹಗುರವಾದದ್ದು: ತೆಳು ಸ್ಟೀಲ್ ಫ್ರೇಮಿನ ಮನೆ. ಸತುವಿನ ಲೇಪ ಇರುವ ತೆಳು ಉಕ್ಕಿನ ಹಾಳೆಯನ್ನು ಯಂತ್ರದಲ್ಲಿ ಮಡಚಿ ಪಟ್ಟಿ ಮಾಡುತ್ತಾರೆ. ಅವನ್ನು ಸ್ಕ್ರೂ ಹಾಕಿ ಚೌಕಟ್ಟಾಗಿ ಜೋಡಿಸಿ, ಎರಡೂ ಬದಿಗೆ ಸಿಮೆಂಟ್ ಬೋರ್ಡ್ ಬಡಿದು, ನಡುವೆ ಶಾಖ ಮತ್ತು ಸದ್ದು ತಡೆಯುವ ಉಣ್ಣೆಯಂಥ ಸಾಮಾನು ತುಂಬುತ್ತಾರೆ. ತಟ್ಟಿದರೆ ಟೊಳ್ಳು ಸದ್ದು ಬರುವುದು ಇದಕ್ಕೇ. ಟೊಳ್ಳು ಅಂದ ಮಾತ್ರಕ್ಕೆ ದುರ್ಬಲ ಅಂತಲ್ಲ, ಭಾರ ಹೊರುವುದು ಒಳಗಿನ ಚೌಕಟ್ಟು. ಆದರೆ ನಮ್ಮ ಮಳೆಯಲ್ಲಿ ಇದರ ಆಯಸ್ಸು ನಿಂತಿರುವುದು ಸತುವಿನ ಲೇಪದ ಮೇಲೆ ಮತ್ತು ಬೋರ್ಡುಗಳ ಸಂದಿನ ಮೇಲೆ. ಸಂದಿಯಲ್ಲಿ ನೀರು ಒಳಗೆ ಹೋದರೆ ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಒಳಗೆ ಬೂಸ್ಟು, ಆಮೇಲೆ ತುಕ್ಕು. ಬೆಟ್ಟದ ಗಾಳಿಗೆ ಹಗುರ ಮನೆ ಅಲುಗಾಡದಂತೆ ಪಾಯಕ್ಕೆ ಬೋಲ್ಟ್ ಹಾಕಿ ಬಿಗಿಯುವುದೂ ಅಷ್ಟೇ ಮುಖ್ಯ.

ಇನ್ನೊಂದು ನಮ್ಮ ದೇಶದಲ್ಲೇ ಬೆಳೆದ ವಿಧಾನ. ಗೊಬ್ಬರದ ಕಾರ್ಖಾನೆಗಳಲ್ಲಿ ರಾಶಿ ಬೀಳುವ ಜಿಪ್ಸಂ ತ್ಯಾಜ್ಯಕ್ಕೆ ಗಾಜಿನ ನಾರು ಸೇರಿಸಿ 12 ಮೀಟರ್ ಉದ್ದ, 3 ಮೀಟರ್ ಎತ್ತರದ ಟೊಳ್ಳು ಪ್ಯಾನೆಲ್ ಮಾಡುತ್ತಾರೆ. ಮೂಲ ಆಸ್ಟ್ರೇಲಿಯಾದ್ದು. ಅಲ್ಲಿ ಅದು ಬರೀ ಗೋಡೆ. ಐಐಟಿ ಮದ್ರಾಸ್‌ನವರು ಅದರ ಟೊಳ್ಳಿನೊಳಗೆ ಕಂಬಿ ಮತ್ತು ಕಾಂಕ್ರೀಟ್ ತುಂಬಿ, ಸ್ಲ್ಯಾಬಿಗೂ ಅದನ್ನೇ ಬಳಸುವ ಲೆಕ್ಕ ಸಿದ್ಧಪಡಿಸಿ, 2013ರಲ್ಲಿ ತಮ್ಮ ಆವರಣದಲ್ಲೇ ಎರಡು ಮಹಡಿಯ ಮಾದರಿ ಕಟ್ಟಡ ಎಬ್ಬಿಸಿದರು. ಸುಮಾರು ಒಂದು ತಿಂಗಳಲ್ಲಿ ಮುಗಿಯಿತು.

## ಪ್ರಿಂಟ್ ಆಗುವ ಮನೆ

ಬೆಂಗಳೂರಿನ ಹಲಸೂರಿನ ಹತ್ತಿರ ಕೇಂಬ್ರಿಡ್ಜ್ ಬಡಾವಣೆಯಲ್ಲಿ ಒಂದು ಅಂಚೆ ಕಚೇರಿ ಇದೆ. 1,021 ಚದರ ಅಡಿ. ಎಲ್ ಅಂಡ್ ಟಿ ಕಂಪನಿ ಐಐಟಿ ಮದ್ರಾಸ್‌ನ ಮಾರ್ಗದರ್ಶನದಲ್ಲಿ 43 ದಿನದಲ್ಲಿ ಮುಗಿಸಿದ ಈ ಕಟ್ಟಡ 2023ರ ಆಗಸ್ಟ್ 18ರಂದು ಉದ್ಘಾಟನೆಯಾಯಿತು. ದೇಶದ ಮೊದಲ ತ್ರೀಡಿ ಪ್ರಿಂಟ್ ಅಂಚೆ ಕಚೇರಿ. ಅದಕ್ಕೂ ಮೊದಲು, 2021ರಲ್ಲಿ, ಐಐಟಿ ಮದ್ರಾಸ್‌ನಲ್ಲೇ 600 ಚದರ ಅಡಿಯ ಮನೆಯೊಂದನ್ನು ಪ್ರಿಂಟ್ ಮಾಡಿ ತೋರಿಸಿದ್ದರು.

ಪ್ರಿಂಟ್ ಅಂದರೆ ಕಾಗದ ನೆನಪಾಗುತ್ತದೆ, ಆದರೆ ಇದು ನೂಲ್‌ಪುಟ್ಟು, ಅಂದರೆ ಅಕ್ಕಿ ಶಾವಿಗೆ, ಒತ್ತುವುದಕ್ಕೆ ಹತ್ತಿರ. ಯಂತ್ರದ ಮೂತಿಯಿಂದ ಕಾಂಕ್ರೀಟ್ ಹಗ್ಗದಂತೆ ಇಳಿಯುತ್ತದೆ, ಕಂಪ್ಯೂಟರಿನಲ್ಲಿರುವ ನಕ್ಷೆಯ ಗೆರೆಯ ಮೇಲೆ ಮೂತಿ ಓಡಾಡುತ್ತಾ ಸುತ್ತಿನ ಮೇಲೆ ಸುತ್ತು ಹಾಕುತ್ತದೆ, ಗೋಡೆ ಏಳುತ್ತದೆ. ಹಿಟ್ಟಿನ ಹದ ತಪ್ಪಿದರೆ ಎಲ್ಲ ಕೆಟ್ಟಿತು. ಗಟ್ಟಿಯಾದರೆ ಮೂತಿಯಿಂದ ಇಳಿಯುವುದಿಲ್ಲ, ತೆಳುವಾದರೆ ಮೇಲಿನ ಸುತ್ತಿನ ಭಾರಕ್ಕೆ ಕೆಳಗಿನದು ಚಪ್ಪಟೆ. ಬೇಗ ಸೆಟ್ ಆಗಬೇಕು, ಆದರೆ ಮುಂದಿನ ಸುತ್ತು ಅಂಟಿಕೊಳ್ಳದಷ್ಟು ಬೇಗ ಅಲ್ಲ. ಸಂಶೋಧನೆಯ ಬಹುಪಾಲು ಇರುವುದು ಈ ಹದದಲ್ಲೇ, ಯಂತ್ರದಲ್ಲಿ ಅಲ್ಲ.

ಸೆಂಟ್ರಿಂಗ್ ಹಲಗೆ ಬೇಡ, ವಕ್ರವಾದ ಗೋಡೆಗೂ ಅಷ್ಟೇ ಖರ್ಚು. ಆದರೆ ಸಾಮಾನ್ಯವಾಗಿ ಪ್ರಿಂಟ್ ಆಗುವುದು ಗೋಡೆ ಮಾತ್ರ. ಪಾಯ, ಬಾಗಿಲು, ವೈರಿಂಗು, ನೀರಿನ ಪೈಪು ಎಲ್ಲ ಹಳೇ ಥರವೇ. ಸದ್ಯಕ್ಕೆ ಕೊಡಗಿನ ಒಂಟಿ ಮನೆಗೆ ಇದು ದೂರದ ಮಾತು. ಸುಮ್ನೆ ತಿಳಿದಿರಲಿ.

## ಬ್ಲಾಕುಗಳು: ಒಂದು ಹಗುರ, ಒಂದು ಮಣ್ಣಿನದು

ಬಿಳಿ ಬಣ್ಣದ, ದೊಡ್ಡದಾದರೂ ಒಬ್ಬನೇ ಎತ್ತಬಹುದಾದ ಎಎಸಿ ಬ್ಲಾಕು ಈಗ ಎಲ್ಲ ಕಡೆ ಸಿಗುತ್ತದೆ. ಹಾರುಬೂದಿ, ಸುಣ್ಣ, ಸಿಮೆಂಟ್ ಕಲಸಿ ಚೂರು ಅಲ್ಯೂಮಿನಿಯಂ ಪುಡಿ ಹಾಕುತ್ತಾರೆ. ಅದು ಸುಣ್ಣದ ಜೊತೆ ಸೇರಿ ಗಾಳಿಗುಳ್ಳೆ ಎಬ್ಬಿಸುತ್ತದೆ, ಮಿಶ್ರಣ ಉಬ್ಬುತ್ತದೆ, ಆಮೇಲೆ ಒತ್ತಡದ ಹಬೆಯಲ್ಲಿ ಬೇಯಿಸುತ್ತಾರೆ. ಅಷ್ಟೇ ಗಾತ್ರದ ಸುಟ್ಟ ಇಟ್ಟಿಗೆಯ ಸುಮಾರು ಮೂರನೇ ಒಂದು ತೂಕ. ತೂಕ ಕಮ್ಮಿ ಆದರೆ ಪಾಯದ ಮೇಲೆ ಭಾರ ಕಮ್ಮಿ, ಭೂಮಿ ಅಲುಗಿದಾಗ ಗೋಡೆಗೆ ಬೀಳುವ ಎಳೆತವೂ ಕಮ್ಮಿ. ತೊಂದರೆ ಏನೆಂದರೆ ಇದು ನೀರು ಕುಡಿಯುತ್ತದೆ. ಹೊರಗೋಡೆಗೆ ಸರಿಯಾದ ಪ್ಲಾಸ್ಟರು, ನೀರು ತಡೆಯುವ ಬಣ್ಣ, ಅಗಲವಾದ ಸಜ್ಜಾ ಇಲ್ಲದೆ ಜುಲೈ-ಆಗಸ್ಟ್‌ನ ಕಕ್ಕಡದ ಮಳೆಗೆ ಒಡ್ಡಿದರೆ ಒಳಗೆ ತೇವ ಖಂಡಿತ.

ಮಣ್ಣಿನ ಬ್ಲಾಕಿನ ಕಥೆ ಬೆಂಗಳೂರಿನದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ‘ಅಸ್ತ್ರ’ ಅನ್ನುವ ಕೇಂದ್ರ ಶುರುಮಾಡಿದರು. ಹಳ್ಳಿಗೆ ಬೇಕಾದ ತಂತ್ರಜ್ಞಾನ ಹುಡುಕುವುದು ಅದರ ಕೆಲಸ. ಅಲ್ಲಿ ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ ಮೊದಲಾದವರು ಮಣ್ಣನ್ನು ಕೈಯಂತ್ರದಲ್ಲಿ ಒತ್ತಿ, ಸುಡದೆ, ಗಟ್ಟಿ ಬ್ಲಾಕು ಮಾಡುವುದನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದರು. ನೂರು ಪಾಲು ಮಣ್ಣಿಗೆ ಆರರಿಂದ ಎಂಟು ಪಾಲು ಸಿಮೆಂಟ್ ಸಾಕು. ಸುಡುವ ಗೂಡು ಬೇಡವಾದ್ದರಿಂದ ಸುಟ್ಟ ಇಟ್ಟಿಗೆಯ ಗೋಡೆಗೆ ಬೇಕಾದ ಇಂಧನದ ಅರ್ಧವೂ ಇದಕ್ಕೆ ಖರ್ಚಾಗುವುದಿಲ್ಲ. ಇದಕ್ಕೆ ಐಎಸ್ 1725 ಅನ್ನುವ ಮಾನಕವೂ ಇದೆ.

ಹಾಗಂತ ಯಾವ ಮಣ್ಣಾದರೂ ಆಗುತ್ತದೆ ಅಂದುಕೊಳ್ಳಬೇಡಿ. ಒಂದು ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಮಣ್ಣು ಹಾಕಿ, ಉಳಿದದ್ದಕ್ಕೆ ನೀರು ತುಂಬಿ, ಚೆನ್ನಾಗಿ ಕುಲುಕಿ ಇಟ್ಟು ನೋಡಿ. ಒಂದೆರಡು ನಿಮಿಷದಲ್ಲಿ ಅಡಿಯಲ್ಲಿ ಕೂರುವುದು ಮರಳು. ಅದರ ಮೇಲೆ ನಿಧಾನ ಇಳಿಯುವುದು ನುಣುಪು ಹುಡಿ. ಗಂಟೆಗಟ್ಟಲೆ ನೀರನ್ನು ಕೆಂಪಗೆ ಇಡುವುದು ಜೇಡಿ. ಸಿಮೆಂಟ್ ಸೇರಿಸಿ ಒತ್ತುವ ಮಣ್ಣಿನ ಬ್ಲಾಕಿಗೆ ಮರಳು ಹೆಚ್ಚಿದ್ದು ಜೇಡಿ ಕಮ್ಮಿ ಇರುವ ಮಣ್ಣು ಒಳ್ಳೆಯದು. ನಮ್ಮ ಕೆಂಪು ಮಣ್ಣಿನಲ್ಲಿ ಎಷ್ಟೋ ಕಡೆ ಜೇಡಿ ಜಾಸ್ತಿ. ಆಗ ಕ್ವಾರಿ ಹುಡಿ ಬೆರೆಸಬೇಕು, ಇಲ್ಲವೇ ಸುಣ್ಣವನ್ನೂ ಸೇರಿಸಬೇಕು. ಜೇಡಿ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ, ಬ್ಲಾಕು ಬಿರುಕು ಬಿಡುವುದು ಹಾಗೆ. ಒತ್ತಿದ ಬ್ಲಾಕುಗಳನ್ನು ಹುಲ್ಲು ಅಥವಾ ಗೋಣಿ ಮುಚ್ಚಿ ಮೂರು ವಾರಕ್ಕೂ ಹೆಚ್ಚು ನೀರು ಚಿಮುಕಿಸಬೇಕು. ಮಳೆಗಾಲದಲ್ಲಿ ಸೂರಿನ ಕೆಳಗೆ ಈ ಕೆಲಸ ಮಾಡಿಟ್ಟುಕೊಂಡರೆ ಮಳೆ ಬಿಟ್ಟ ಕೂಡಲೇ ಗೋಡೆ ಎಬ್ಬಿಸಬಹುದು. ನಮ್ಮ ಐನ್‌ಮನೆಗಳ, ಅಂದರೆ ಕುಟುಂಬದ ಹಳೇ ಮೂಲಮನೆಗಳ, ದಪ್ಪ ಮಣ್ಣಿನ ಗೋಡೆ ಉಳಿದುಕೊಂಡದ್ದು ಎತ್ತರದ ಜಗಲಿಯಿಂದ, ಗೋಡೆಯಿಂದ ಆಚೆಗೆ ಚಾಚಿದ ಮಾಡಿನಿಂದ. ಆ ನಿಯಮ ಈ ಬ್ಲಾಕಿಗೂ ಬದಲಾಗಿಲ್ಲ.

ಸಿಮೆಂಟೂ ಬದಲಾಗುತ್ತಿದೆ. ಮಾಮೂಲಿ ಸಿಮೆಂಟಿನ ಮುಖ್ಯ ಭಾಗ ಕ್ಲಿಂಕರ್, ಸುಣ್ಣಕಲ್ಲನ್ನು ವಿಪರೀತ ಶಾಖದಲ್ಲಿ ಸುಟ್ಟು ಮಾಡುವುದು. ಇಂಗಾಲದ ಹೊಗೆ ಅಲ್ಲೇ ಜಾಸ್ತಿ. ಎಲ್‌ಸಿ3 ಅನ್ನುವ ಹೊಸ ಸಿಮೆಂಟಿನಲ್ಲಿ ಕ್ಲಿಂಕರ್ ಅರ್ಧ ಮಾತ್ರ, ಉಳಿದದ್ದು ಕಮ್ಮಿ ಶಾಖದಲ್ಲಿ ಸುಟ್ಟ ಜೇಡಿ, ಸುಡದ ಸುಣ್ಣಕಲ್ಲು, ಸ್ವಲ್ಪ ಜಿಪ್ಸಂ. ಸ್ವಿಟ್ಜರ್‌ಲೆಂಡಿನ ಸಂಶೋಧಕರ ಜೊತೆ ದೆಹಲಿ ಮತ್ತು ಮದ್ರಾಸ್ ಐಐಟಿಗಳೂ ಇದರಲ್ಲಿ ಕೆಲಸ ಮಾಡಿವೆ.

## ಗೋಡೆ ಮೊದಲು, ಕಂಬ ಆಮೇಲೆ

ಇದು ನನ್ನ ಮಟ್ಟಿಗೆ ಈ ಪಟ್ಟಿಯಲ್ಲೇ ಹೆಚ್ಚು ಉಪಯೋಗದ ವಿಷಯ. ಹೊಸ ಯಂತ್ರ ಬೇಡ, ಹೊಸ ಸಾಮಾನು ಬೇಡ.

ಈಗ ನಾವು ಮೊದಲು ಕಂಬ, ಬೀಮು ಹಾಕಿ, ಆಮೇಲೆ ನಡುವಿನ ಜಾಗಕ್ಕೆ ಬ್ಲಾಕು ತುಂಬುತ್ತೇವೆ. ಗೋಡೆ ಮತ್ತು ಕಂಬ ಬೇರೆ ಬೇರೆ. ಭೂಮಿ ಅಲುಗಿದರೆ, ಪಾಯ ಸ್ವಲ್ಪ ಕುಸಿದರೆ, ಎರಡೂ ಸೇರುವ ಕಡೆ ಬಿರುಕು. ಇದನ್ನು ತಿರುಗಿಸಿದರೆ? ಮೊದಲು ಗೋಡೆ ಕಟ್ಟುವುದು. ಗೋಡೆಯ ಅಂಚನ್ನು ನೇರ ಬಿಡದೆ ಒಂದು ಸಾಲು ಹೊರಗೆ, ಒಂದು ಸಾಲು ಒಳಗೆ, ಹಲ್ಲಿನಂತೆ ಬಿಡುವುದು. ಆಮೇಲೆ ಆ ಸಂದಿಯಲ್ಲಿ ಕಂಬಿ ನಿಲ್ಲಿಸಿ ಕಾಂಕ್ರೀಟ್ ಹೊಯ್ಯುವುದು. ಕಾಂಕ್ರೀಟ್ ಹಲ್ಲುಗಳ ನಡುವೆ ಹೊಕ್ಕು ಗೋಡೆಯನ್ನು ಹಿಡಿದುಕೊಳ್ಳುತ್ತದೆ, ಮೇಲೆ ಕೆಳಗೆ ಬೀಮು ಬಿಗಿಯುತ್ತದೆ. ಗೋಡೆಯೇ ಭಾರ ಹೊರುತ್ತದೆ, ಚೌಕಟ್ಟು ಅದನ್ನು ಚದುರದಂತೆ ನೋಡಿಕೊಳ್ಳುತ್ತದೆ. ಕಂಬ ಸಣ್ಣದಾದರೂ ನಡೆಯುತ್ತದೆ, ಎರಡು ಬದಿಗೆ ಗೋಡೆಯೇ ಇರುವುದರಿಂದ ಅಷ್ಟು ಸೆಂಟ್ರಿಂಗ್ ಹಲಗೆಯೂ ಉಳಿಯುತ್ತದೆ. ಚಿಲಿ, ಮೆಕ್ಸಿಕೊದಂಥ ಭೂಕಂಪದ ದೇಶಗಳಲ್ಲಿ ಇದು ಮಾಮೂಲಿ. ಗುಜರಾತಿನ ಗಾಂಧಿನಗರದ ಐಐಟಿಯ ಹಾಸ್ಟೆಲ್ ಮತ್ತು ವಸತಿಗೃಹಗಳನ್ನು ಹೀಗೇ ಕಟ್ಟಿದ್ದಾರೆ. 2022ರ ಜೂನ್‌ನಲ್ಲಿ ಚೆಂಬು, ಸಂಪಾಜೆ ಕಡೆ ಪಾತ್ರೆಗಳು ಅಲುಗಾಡಿದ್ದು ನೆನಪಿದೆ ಅಲ್ವಾ? ಸಣ್ಣ ಕಂಪನವೇ, ಆದರೆ ಗೋಡೆ ಕಟ್ಟಿಸುವಾಗ ನೆನಪಿಟ್ಟುಕೊಳ್ಳುವಂಥದ್ದು.

ಒಂದೇ ಎಚ್ಚರಿಕೆ. ಇಲ್ಲಿ ಗೋಡೆ ಭಾರ ಹೊರುವ ಅಂಗ. ನಾಳೆ ‘ಹಾಲ್ ದೊಡ್ಡದು ಮಾಡೋಣ’ ಅಂತ ಒಡೆಯುವ ಹಾಗಿಲ್ಲ.

## ಬರೆಯ ಪಕ್ಕದ ಮನೆ

ಈಗ ಆ ಎರಡನೇ ಪ್ರಶ್ನೆ: ನಿಲ್ಲುತ್ತಾ? ಮೇಲಿನ ಯಾವ ವಿಧಾನವೂ ಜಾರುವ ಮಣ್ಣಿನ ಮೇಲೆ ನಿಲ್ಲುವುದಿಲ್ಲ.

ಇಳಿಜಾರಿನಲ್ಲಿ ಮನೆಗೆ ಜಾಗ ಮಾಡುವುದು ಹೇಗೆ? ಜೆಸಿಬಿ ತರಿಸಿ, ಮೇಲಿನ ಬದಿ ಕೊರೆದು, ಆ ಮಣ್ಣನ್ನು ಕೆಳಗಿನ ಬದಿಗೆ ತಳ್ಳಿ ಸಮತಟ್ಟು ಮಾಡುತ್ತೇವೆ. ಒಂದು ದಿನದ ಕೆಲಸ. ಇದರಿಂದ ಎರಡು ತೊಂದರೆ. ಹಿಂದೆ ನೆಟ್ಟಗೆ ನಿಂತ ಬರೆಗೆ, ಅಂದರೆ ಕೊರೆದ ಗುಡ್ಡದ ಮೈಗೆ, ಇದ್ದ ಆಸರೆ ಹೋಯಿತು. ಮುಂದೆ ಹಾಕಿದ ಮಣ್ಣು ಸಡಿಲ, ಅದು ವರ್ಷಗಟ್ಟಲೆ ಕೂರುತ್ತಲೇ ಇರುತ್ತದೆ. ಮನೆಯ ಅರ್ಧ ಗಟ್ಟಿ ನೆಲದ ಮೇಲೆ, ಅರ್ಧ ಹಾಕಿದ ಮಣ್ಣಿನ ಮೇಲೆ ಇದ್ದರೆ ನಡುವೆ ಓರೆ ಬಿರುಕು ಬರುವುದು ಇದಕ್ಕೇ.

ಮಳೆ ಬಂದಾಗ ಮಣ್ಣಿನ ಕಣಗಳ ನಡುವಿನ ಗಾಳಿಯ ಜಾಗಕ್ಕೆ ನೀರು ಸೇರುತ್ತದೆ. ಒಂದು ಘನ ಮೀಟರ್ ನೀರು ಅಂದರೆ ಸಾವಿರ ಕೆಜಿ. ಮಣ್ಣು ಭಾರವಾಗುತ್ತದೆ. ಅದೇ ಹೊತ್ತಿಗೆ ಒಳಗಿನ ನೀರಿನ ಒತ್ತಡ ಕಣಗಳನ್ನು ಒಂದರಿಂದ ಒಂದು ಬಿಡಿಸುತ್ತದೆ, ಹಿಡಿತ ಸಡಿಲವಾಗುತ್ತದೆ. ಎಳೆಯುವ ಭಾರ ಜಾಸ್ತಿ, ಹಿಡಿಯುವ ಬಲ ಕಮ್ಮಿ. 2018ರ ಕುಸಿತಗಳನ್ನು ಅಭ್ಯಾಸ ಮಾಡಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಕೂಡ ವಿಪರೀತ ಮಳೆಯ ಜೊತೆಗೆ, ಆಸರೆ ಕೊಡದೆ ಇಳಿಜಾರು ಕೊರೆದದ್ದರ ಕಡೆಗೂ ಬೊಟ್ಟು ಮಾಡಿತ್ತು.

ತಡೆಗೋಡೆ ಕಟ್ಟಿದರೆ ಸಾಕಾ? ಹೆಚ್ಚಿನ ತಡೆಗೋಡೆಗಳು ಬೀಳುವುದು ಹಿಂದೆ ನಿಂತ ನೀರಿನಿಂದ. ಗೋಡೆಯಲ್ಲಿ ಸಾಲಾಗಿ ನೀರು ಬಿಡುವ ತೂತು ಬೇಕು. ತೂತಿನ ಹಿಂದೆ ಜಲ್ಲಿಯ ಪದರ ಇಲ್ಲದಿದ್ದರೆ ಒಂದೆರಡು ಮಳೆಗಾಲದಲ್ಲಿ ಮಣ್ಣು ಕಟ್ಟಿ ತೂತು ಮುಚ್ಚಿಹೋಗುತ್ತದೆ. ಮಳೆ ಸುರಿಯುವಾಗ ತೂತಿನಿಂದ ನೀರು ಬರುತ್ತಿದ್ದರೆ ಸಂತೋಷಪಡಿ, ಬರದಿದ್ದರೆ ಅನುಮಾನಪಡಿ. ತಂತಿಬಲೆಯ ಪೆಟ್ಟಿಗೆಗೆ ಕಲ್ಲು ತುಂಬಿ ಜೋಡಿಸುವ ಗೇಬಿಯನ್ ಗೋಡೆಯಲ್ಲಿ ನೀರು ಎಲ್ಲ ಕಡೆಯಿಂದಲೂ ಹೊರಬರುತ್ತದೆ, ನೆಲ ಸ್ವಲ್ಪ ಅಲುಗಿದರೂ ಅದು ಬಾಗುತ್ತದೆಯೇ ಹೊರತು ಒಡೆಯುವುದಿಲ್ಲ. ಇಳಿಜಾರಿನೊಳಗೆ ಉದ್ದದ ಕಂಬಿ ತೂರಿಸಿ ಸಿಮೆಂಟ್ ತುಂಬಿ ಮಣ್ಣನ್ನು ಹೊಲಿಯುವ ವಿಧಾನವೂ ಇದೆ, ಅದು ರಸ್ತೆ ಮಾಡುವವರ ಬಜೆಟ್ಟಿನದು.

ಎಲ್ಲಕ್ಕಿಂತ ಸುಲಭ, ಕೊರೆಯುವುದನ್ನೇ ಕಮ್ಮಿ ಮಾಡುವುದು. ಮನೆಯನ್ನು ಮೆಟ್ಟಿಲಿನಂತೆ ಎರಡು ಮಟ್ಟದಲ್ಲಿ ಇಳಿಸಬಹುದು, ಇಲ್ಲವೇ ಗಟ್ಟಿ ನೆಲ ಮುಟ್ಟುವವರೆಗೆ ಕಂಬ ಇಳಿಸಿ ಅದರ ಮೇಲೆ ಮನೆ ಕೂರಿಸಬಹುದು. ಹಗುರ ಸ್ಟೀಲ್ ಫ್ರೇಮಿನ ಮನೆಗೆ ಕೊಡಗಿನಲ್ಲಿ ನಿಜವಾದ ಬೆಲೆ ಬರುವುದು ಇಲ್ಲಿ. ಭಾರ ಕಮ್ಮಿ ಇರುವುದರಿಂದ ಕಂಬಗಳ ಮೇಲೆ ಕೂರಿಸುವುದು ಸುಲಭ, ಗುಡ್ಡವನ್ನು ಅಷ್ಟು ಕೊರೆಯಬೇಕಿಲ್ಲ. ಆದರೆ ಜಾಹೀರಾತಿನ ಚಿತ್ರದಲ್ಲಿ ಅದೇ ಮನೆಯನ್ನು ನುಣ್ಣಗೆ ಕತ್ತರಿಸಿದ ಬರೆಯ ಬುಡದಲ್ಲಿ ಇಟ್ಟು ತೋರಿಸುತ್ತಾರೆ!

## ಅಡ್ವಾನ್ಸ್ ಕೊಡುವ ಮುಂಚೆ

ಹೊಸ ವಿಧಾನಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡಲು ಕೇಂದ್ರ ಸರ್ಕಾರದ ಬಿಎಂಟಿಪಿಸಿ ಅನ್ನುವ ಮಂಡಳಿ ಇದೆ, 1990ರಲ್ಲಿ ಶುರುವಾದದ್ದು. ನಿಮಗೆ ಮಾರಲು ಬಂದವರ ಪ್ಯಾನೆಲ್ಲಿಗೆ ಆ ಪತ್ರ ಇದೆಯೇ ಅಂತ ಮೊದಲು ಕೇಳಿ. ಜೊತೆಗೆ, ಕನಿಷ್ಠ ಎರಡು ಮಳೆಗಾಲ ಕಂಡ ಒಂದು ಮನೆ ತೋರಿಸಲು ಹೇಳಿ, ಹೊಸದಾಗಿ ಬಣ್ಣ ಹೊಡೆದದ್ದು ಬೇಡ. ಹೋದಾಗ ಕಿಟಕಿಯ ಕೆಳಗಿನ ಮೂಲೆ, ಬಾತ್‌ರೂಮಿನ ಹಿಂದಿನ ಗೋಡೆ, ಬೋರ್ಡುಗಳ ಸಂದಿ ನೋಡಿ. ತೇವ ಮೊದಲು ಕಾಣುವುದು ಅಲ್ಲೇ. ಸಾಲ ಬೇಕಿದ್ದರೆ ಆ ಥರದ ಮನೆಗೆ ಬ್ಯಾಂಕು ಸಾಲ ಕೊಡುತ್ತದೆಯೇ ಅಂತ ಅಡ್ವಾನ್ಸಿಗೆ ಮುಂಚೆಯೇ ವಿಚಾರಿಸಿ. ಐದು ವರ್ಷದ ಮೇಲೆ ಒಂದು ಪ್ಯಾನೆಲ್ ಹಾಳಾದರೆ ಅದನ್ನು ಬದಲಿಸಲು ಸುಂಟಿಕೊಪ್ಪದಲ್ಲೋ ವಿರಾಜಪೇಟೆಯಲ್ಲೋ ಯಾರಾದರೂ ಇದ್ದಾರಾ, ಅಥವಾ ಪ್ರತಿ ಸಲ ಬೆಂಗಳೂರಿಗೆ ಫೋನ್ ಮಾಡಬೇಕಾ, ಅದನ್ನೂ ಬಿಡಬೇಡಿ.

ಇನ್ನು ರೇಟು. ‘ಚದರ ಅಡಿಗೆ ಇಷ್ಟು’ ಅನ್ನುವುದು ಎಷ್ಟೋ ಸಲ ಪಾಯದ ಮೇಲಿನ ಲೆಕ್ಕ ಮಾತ್ರ. ಪಾಯ, ತಡೆಗೋಡೆ, ಚರಂಡಿ, ಘಾಟಿ ಹತ್ತಿಸುವ ಲಾರಿ ಬಾಡಿಗೆ, ಕ್ರೇನು, ಕರೆಂಟು, ಸೆಪ್ಟಿಕ್ ಟ್ಯಾಂಕು ಎಲ್ಲ ಹೊರಗಿರುತ್ತವೆ. ಅವನ್ನೆಲ್ಲ ಸೇರಿಸಿ ಒಂದೇ ಹಾಳೆಯಲ್ಲಿ ಬರೆಸಿಕೊಳ್ಳಿ, ಪಕ್ಕದಲ್ಲಿ ನಿಮ್ಮ ಮೇಸ್ತ್ರಿ ಮಾಮೂಲಿ ಮನೆಗೆ ಕೊಟ್ಟ ಅಂದಾಜನ್ನೂ ಇಡಿ. ಅದರಲ್ಲೂ ಬರೆಗೆ ಆಸರೆಯ ಖರ್ಚು ಸೇರಿದೆಯೇ ನೋಡಿ, ಅದು ಎರಡೂ ಕಡೆಯವರು ಬಿಟ್ಟುಬಿಡುವ ಬಾಬತ್ತು.